ನೀಲವ್ವನ ಒಗ್ಗರಣೆ, ಲವಣಕೇತುವಿನ ತಕ್ಕಡಿ

ಬಹಳ ಹಿಂದೆ ಅಂದರೆ ಸುಳ್ಳಾದೀತು, ನಿನ್ನೆ ಮೊನ್ನೆ ಅಂದರೆ ಕತೆಯಾಗಲಾರದು. ಎರಡರ ನಡುವಿನ ಯಾವುದೋ ಒಂದು ಕಾಲದಲ್ಲಿ, ಅಂಗೈಯಗಲದ ಗಾಜಿನೊಳಗೆ ಒಂದು ರಾಜ್ಯವಿತ್ತು. ಅದರ ಹೆಸರು ಏಳುಸುತ್ತಿನ ಸೀಮೆ. ಅಲ್ಲಿಗೆ ಹೋಗಲು ಕುದುರೆ ಬೇಡ, ಹಡಗು ಬೇಡ. ಮೊಬೈಲಿನ ಗಾಜನ್ನು ಬೆರಳಿನಿಂದ ಒಮ್ಮೆ ಸವರಿದರೆ ಸಾಕು, ಬಾಗಿಲು ತೆರೆಯುತ್ತಿತ್ತು. ಒಬ್ಬರ ಮುಖ ಒಬ್ಬರು ಕಂಡಿರದ ಊರೂರಿನ ಜನ ಒಳಗೆ ಹೋಗಿ ವೀರರಾಗುತ್ತಿದ್ದರು. ಹೊರಗೆ ಬಟ್ಟೆ ಹೊಲಿಯುವವನು ಒಳಗೆ ಸಿಂಹ ಪಳಗಿಸುತ್ತಿದ್ದ. ಹೊರಗೆ ಸೊಂಟ ಹಿಡಿದುಕೊಂಡು ನಡೆಯುವ ಅಜ್ಜಿ ಒಳಗೆ ಹದ್ದಿನ ಬೆನ್ನೇರಿ ಹಾರುತ್ತಿದ್ದಳು. ಇದನ್ನು ಬರೀ ಆಟ ಅನ್ನುವವರು ಅನ್ನಲಿ. ಒಳಗೆ ಹೋಗಿ ಬಂದವರಿಗೆ ಅದರ ರುಚಿ ಗೊತ್ತು.

ಆ ರಾಜ್ಯದಲ್ಲಿ ಬಲ ಬರುತ್ತಿದ್ದುದು ಊಟದಿಂದ. ಬರೀ ಊಟ ಉಂಡರೆ ಹೊಟ್ಟೆ ತುಂಬುತ್ತಿತ್ತು, ಅಷ್ಟೇ. ಗುಟ್ಟೆಲ್ಲ ಇದ್ದುದು ಅದಕ್ಕೆ ಹಾಕುವ ಒಗ್ಗರಣೆಯಲ್ಲಿ. ಬೆಂಕಿಜೀರಿಗೆ ಹಾಕಿದರೆ ತೋಳಿಗೆ ಬಲ, ಗಾಳಿಸಾಸಿವೆ ಹಾಕಿದರೆ ಕಾಲಿಗೆ ವೇಗ, ಹಿಮಪುದೀನ ಹಾಕಿದರೆ ಬೆಂಕಿಯಲ್ಲೂ ತಂಪು. ಯಾವ ಒಗ್ಗರಣೆಯನ್ನು ಅಂಗೈಯಲ್ಲಿ ಹಿಡಿದರೂ ಅದರ ಗುಣವೇನು, ಎಷ್ಟು ಎಂದು ಗಾಳಿಯಲ್ಲಿ ಹೊಂಬಣ್ಣದ ಅಕ್ಷರ ಮೂಡುತ್ತಿತ್ತು. ಆದರೆ ಕಟ್ಟಳೆ ಒಂದಿತ್ತು: ಒಂದು ಅಡಿಗೆಗೆ ಒಂದೇ ಒಗ್ಗರಣೆ. ಎರಡು ಹಾಕಿದರೆ ಪಾತ್ರೆ ಒಡೆದು ಚೂರಾಗುತ್ತಿತ್ತು. ಹೀಗಾಗಿ ಆರಿಸುವುದೇ ದೊಡ್ಡ ವಿದ್ಯೆ. ಆ ವಿದ್ಯೆ ಬಾರದವರು ದೊಡ್ಡ ಅಂಕಿ ಕಂಡ ಕೂಡಲೇ ಹಿಂದೆ ಮುಂದೆ ನೋಡದೆ ಸುರಿದು, ಕುದುರೆಯ ಮೇಲೆ ಓಡುತ್ತೋಡುತ್ತಲೇ ನುಂಗಿ, ಏಟು ತಿಂದು ಮನೆಗೆ ಬರುತ್ತಿದ್ದರು.

ಆ ವಿದ್ಯೆ ಬಲ್ಲವಳೊಬ್ಬಳಿದ್ದಳು, ಗೋಕಾಕದ ನೀಲವ್ವ. ಹೊರಗೆ ಇಪ್ಪತ್ತೆರಡು ವರ್ಷದಿಂದ ಖಾನಾವಳಿ ನಡೆಸುವಾಕೆ. ಗಾಜಿನ ಬಾಗಿಲಲ್ಲಿ ಮೊದಲ ದಿನ "ನಿನ್ನ ಹೆಸರೇನು?" ಎಂದು ಕೇಳಿದಾಗ ಉಳಿದವರು ಸಿಡಿಲಮರಿ, ಕಾಳಸರ್ಪ ಎಂದೆಲ್ಲ ಹೇಳಿಕೊಂಡರೆ ಈಕೆ "ನೀಲವ್ವರೀ" ಎಂದುಬಿಟ್ಟಿದ್ದಳು. ಅದೇ ಹೆಸರು ಉಳಿಯಿತು. ಕತ್ತಿ ಹಿಡಿಯಲು ಅವಳಿಗೆ ಬರುತ್ತಿರಲಿಲ್ಲ. ಸೌಟು ಹಿಡಿದಳೆಂದರೆ ಮಾತ್ರ ರಾಜ್ಯದ ಸೇನಾಪತಿಗಳೂ ಬಾಯಿ ಚಪ್ಪರಿಸುತ್ತಿದ್ದರು.

ಅವಳನ್ನು ಒಳಗೆ ಎಳೆದದ್ದು ತಂಗಿ ಲೀಲಾ. ಲೀಲಾಳನ್ನು ಸಾಂಗಲಿಗೆ ಕೊಟ್ಟಿದ್ದರು. ಮಧ್ಯಾಹ್ನದ ಗಿರಾಕಿಗಳು ಉಂಡೆದ್ದ ಮೇಲೆ, ಮೂರು ಗಂಟೆಗೆ, ಅಕ್ಕತಂಗಿ ಇಬ್ಬರೂ ಗಾಜು ಸವರಿ ಒಳಗೆ ಹೋಗುತ್ತಿದ್ದರು. ಫೋನ್ ಮಾಡಿ ಮಾತಾಡಬಾರದೇ ಎಂದು ನೀವು ಕೇಳಬಹುದು. ಫೋನಿನಲ್ಲಿ ಎಣ್ಣೆ ತುಟ್ಟಿಯಾದ ಸುದ್ದಿ, ಮೊಣಕಾಲು ನೋವಿನ ಸುದ್ದಿ. ಒಳಗೆ ಹೋದರೆ ಇಬ್ಬರೂ ಬಿಳಿ ಕುದುರೆ ಏರಿ, ಕೂದಲು ಬಿಚ್ಚಿ, ಕೇಕೆ ಹಾಕುತ್ತ ಗುಡ್ಡ ಹತ್ತುತ್ತಿದ್ದರು. ಬೇರೆ ಬೇರೆ ಊರಿಗೆ ಸೊಸೆಯರಾಗಿ ಹೋದವರಿಗೆ ಇದಕ್ಕಿಂತ ಸ್ವರ್ಗ ಬೇಕೆ?

ಹೀಗಿರಲು ಒಂದು ಸೋಮವಾರ ಖಾನಾವಳಿಯ ಫೋನ್ ರಿಂಗಾಯಿತು. ಲೀಲಾಳ ಗಂಡ ರಾಚಪ್ಪ ಆ ಕಡೆಯಿಂದ ಅಳುವ ದನಿಯಲ್ಲಿ ಹೇಳಿದ.

"ಅಕ್ಕಾರ, ಲೀಲಾ ಮಾತಾಡವಲ್ಲಳ್ರೀ. ಮೊಬೈಲ್ ಹಿಡಕೊಂಡು ಕುಂತಾಕಿ ಕುಂತಂಗ ಅದಾಳ. ರೆಪ್ಪಿ ಸೈತ ಬಡಿಯವಲ್ಲಳು. ಕೈ ಮುಟ್ಟಿದ್ರ ಕಲ್ಲ ಮುಟ್ಟಿದಂಗ ಆಗತೈತಿ!"

ನೀಲವ್ವ ಕೈ ಒರೆಸಿಕೊಂಡವಳೇ ಗಾಜು ಸವರಿ ಒಳಗೆ ಹಾರಿದಳು.

ಒಳಗೆ ನೋಡಿದರೆ ಹಾಹಾಕಾರ. ಅಂದು ಬೆಳಗ್ಗೆ ರಾಜ್ಯದ ಪಡುವಣ ದಿಕ್ಕಿನಲ್ಲಿ ನೆಲ ಬಿರಿದು ಒಂದು ಉಪ್ಪಿನ ಗುಡ್ಡ ಎದ್ದಿತ್ತು. ಅದರ ತುದಿಯಲ್ಲಿ ಲವಣಕೇತು ಎಂಬ ಮಾಂತ್ರಿಕ ಕೂತಿದ್ದ. ಅವನ ಮುಂದೆ ತಾಳೆಮರದೆತ್ತರದ ತಕ್ಕಡಿ. ಒಂದು ತಟ್ಟೆಯಲ್ಲಿ ಅವನ ಬಲ, ಇನ್ನೊಂದರಲ್ಲಿ ಎದುರು ಬಂದವರ ಬಲ. ಎದುರು ಬಂದವರದು ಹಗುರಾದರೆ ಅವರು ನಿಂತಲ್ಲೇ ಉಪ್ಪಿನ ಬೊಂಬೆ, ಅವನದೇ ಹಗುರಾದರೆ ಬೊಂಬೆಗಳಿಗೆಲ್ಲ ಮತ್ತೆ ಜೀವ. ಒಳಗೆ ಉಪ್ಪಾದವರು ಹೊರಗೂ ಗಾಜಿನ ಮುಂದೆ ಕಲ್ಲಾಗುತ್ತಿದ್ದರು. ಸೂರ್ಯ ಮುಳುಗಿದ ಗಳಿಗೆಗೆ ಗುಡ್ಡದ ಮೇಲೆ ಗಾಳಿ ಏಳುತ್ತದೆ, ಬೊಂಬೆಗಳೆಲ್ಲ ಪುಡಿಯಾಗಿ ಹಾರಿ ಹೋಗುತ್ತವೆ, ಆಮೇಲೆ ಬ್ರಹ್ಮ ಬಂದರೂ ಅವರು ಎದ್ದು ಕೂರುವುದಿಲ್ಲ ಎಂದು ಅವನೇ ಡಂಗುರ ಸಾರಿಸಿದ್ದ. ಲೀಲಾ ಮೊದಲಿಂದಲೂ ದುಡುಕಿನವಳು. ಅಕ್ಕನಿಗಾಗಿ ಕಾಯದೆ ಕತ್ತಿ ಎತ್ತಿಕೊಂಡು ಒಬ್ಬಳೇ ಗುಡ್ಡ ಹತ್ತಿದ್ದಳು.

"ಸಂಜೀ ತನಕ ಟೈಮ್ ಐತಿ" ಎಂದಳು ನೀಲವ್ವ. ಅವಳ ಕಾಲು ಆಗಲೇ ಓಡುತ್ತಿತ್ತು.

ಅವಳ ಜತೆಗೆ ಹೊರಟದ್ದು ರಣಭೈರವ. ಏಳಡಿ ಎತ್ತರ, ಗಿರಿಜಾ ಮೀಸೆ, ಹೆಗಲ ಮೇಲೆ ಕೊಡಲಿ. ಹೊರಗೆ ಮಾತ್ರ ಮಂಡ್ಯದ ಶಿಶುವಿಹಾರದ ಟೀಚರ್, ಹೆಸರು ಸುಗುಣಾ. ಹಾಗಾಗಿ ನೀಲವ್ವ ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದಳು, ನಾವೂ ಹಾಗೇ ಕರೆಯೋಣ. ಟೀಚರಿಗೆ ದೊಡ್ಡ ಅಂಕಿಯೆಂದರೆ ಪ್ರಾಣ.

ದಾರಿಯಲ್ಲಿ ಮೊದಲು ಸಿಕ್ಕಿದ್ದು ಕೆಂಡದ ಸೇತುವೆ. ಈ ದಡದಿಂದ ಆ ದಡಕ್ಕೆ ನೂರು ಹೆಜ್ಜೆ, ನೂರೂ ಹೆಜ್ಜೆ ಕೆಂಪಗೆ ನಿಗಿನಿಗಿ. ಟೀಚರ್ ಚೀಲದಿಂದ ಹಿಮಪುದೀನ ಎತ್ತಿದರು. ಗಾಳಿಯಲ್ಲಿ ಅಕ್ಷರ ಮೂಡಿತು: ತಂಪು ಇನ್ನೂರು.

"ಇನ್ನೂರು ಕಣ್ರೀ ನೀಲಕ್ಕ! ಇದಕ್ಕಿಂತ ತಂಪು ಇಡೀ ರಾಜ್ಯದಲ್ಲೇ ಇಲ್ಲ. ಹಾಕಿ, ಹಾಕಿ!"

"ಕೆಳಗಿನ ಸಾಲು ಓದ್ರಿ ಟೀಚರ್."

ಕೆಳಗೆ ಸಣ್ಣ ಅಕ್ಷರದಲ್ಲಿತ್ತು: ಐವತ್ತು ಎಣಿಸುವಷ್ಟು ಹೊತ್ತು.

"ಅಯ್ಯೋ" ಎಂದರು ಟೀಚರ್. "ಸೇತುವೆ ಮಧ್ಯಕ್ಕೆ ಹೋಗೋಷ್ಟರಲ್ಲಿ ಸುಟ್ಟ ಬದನೆಕಾಯಿ ಆಗ್ತಿದ್ದೆ!"

ನೀಲವ್ವ ಮಜ್ಜಿಗೆಹುಲ್ಲನ್ನು ಆರಿಸಿದಳು. ಅದರ ತಂಪು ಬರೀ ಅರವತ್ತು, ಆದರೆ ಇನ್ನೂರು ಎಣಿಸುವಷ್ಟು ಹೊತ್ತು ನಿಲ್ಲುತ್ತಿತ್ತು. ಗಂಜಿ ಕುದಿಸಿ, ಅದರ ಒಗ್ಗರಣೆ ಹಾಕಿ, ಇಬ್ಬರೂ ಕುಡಿದು ಓಡಿದರು. ಕಾಲು ಚುರುಗುಟ್ಟಿತು. ಟೀಚರ್ ಹೆಜ್ಜೆಗೊಮ್ಮೆ "ಅಮ್ಮಾ, ಅಪ್ಪಾ" ಎಂದು ಕೂಗಿದರು. ಅರವತ್ತನೆಯ ಹೆಜ್ಜೆಯಲ್ಲಿ, ಹಿಮಪುದೀನ ತಿಂದು ಬಂದ ಒಬ್ಬ ವೀರ ಅವರ ಕಣ್ಣೆದುರೇ ಹೊಗೆಯಾಡುತ್ತ ಹೊಳೆಗೆ ಹಾರಿಕೊಂಡ. ಇವರು ಆ ದಡ ಮುಟ್ಟಿದಾಗ ಅಂಗಾಲು ಕೆಂಪಾಗಿತ್ತು, ಅಷ್ಟೇ.

ಎರಡನೆಯದು ಮೂಗುಹುಲಿಯ ಕಣಿವೆ. ಆ ಹುಲಿಗೆ ಕಣ್ಣಿಲ್ಲ, ಕಿವಿಯಿಲ್ಲ, ಮುಖದ ತುಂಬ ಬರೀ ಮೂಗು. ಹೊಟ್ಟೆಯೊಳಗಿನ ಒಗ್ಗರಣೆಯನ್ನು ಹರದಾರಿ ದೂರದಿಂದಲೇ ಮೂಸುತ್ತಿತ್ತು. ಬಲದ ಒಗ್ಗರಣೆ ಉಂಡವರನ್ನು ಹಿಂದಿನಿಂದ ಹಿಡಿಯುತ್ತಿತ್ತು, ವೇಗದ್ದನ್ನು ಉಂಡವರನ್ನು ಮುಂದೆ ಹೋಗಿ ಕಾಯುತ್ತಿತ್ತು. ಕಣಿವೆಯ ತುಂಬ ಮುರಿದ ಗುರಾಣಿಗಳು ಬಿದ್ದಿದ್ದವು.

"ಬೆಂಕಿಜೀರಿಗೇನೇ ಸರಿ" ಎಂದರು ಟೀಚರ್. "ಬಲ ಮುನ್ನೂರು. ಒಂದೇ ಏಟಿಗೆ ಮುಗಿಸಿಬಿಡ್ತೀನಿ."

ನೀಲವ್ವ ಚೀಲದ ತಳದಿಂದ ಒಂದು ಡಬ್ಬಿ ತೆಗೆದಳು. ಇಂಗು. ಗಾಳಿಯಲ್ಲಿ ಅಕ್ಷರ ಮೂಡಿತು: ಬಲ ಸೊನ್ನೆ, ವೇಗ ಸೊನ್ನೆ, ವಾಸನೆ ಮಾತ್ರ. ಸಂತೆಯಲ್ಲಿ ಅದನ್ನು ಯಾರೂ ಕೊಳ್ಳುತ್ತಿರಲಿಲ್ಲ.

"ಇಂಗು ತೆಂಗು ಇದ್ರೆ ಮಂಗನೂ ಅಡಿಗೆ ಮಾಡುತ್ತೆ ಅಂತಾರೆ, ನಿಜ" ಎಂದರು ಟೀಚರ್. "ಹುಲಿ ಹೊಡೆಯುತ್ತೆ ಅಂತ ಯಾರೂ ಹೇಳಿಲ್ಲ, ನೀಲಕ್ಕ."

"ನಮ್ಮ ಖಾನಾವಳ್ಯಾಗ ಇಂಗಿನ ಡಬ್ಬಿ ಉರುಳಿದ ದಿನ ಓಣಿ ಮಂದಿ ಎಲ್ಲಾ ಸೀನಿದ್ರು. ಮೂಗ ಅಷ್ಟ ದೊಡ್ಡದು ಇದ್ದಾಂವ ಎಷ್ಟ ಸೀನಬೇಕು?"

ಹೇಳಿದವಳೇ ಚಿಟಿಕೆ ಹಾಕುವಲ್ಲಿ ಮುಷ್ಟಿ ಹಾಕಿದಳು. ಸಾರು ಬುಸುಬುಸು ಉಕ್ಕಿತು. ಇಬ್ಬರೂ ಮೂಗು ಹಿಡಿದು ಕುಡಿದು, ಕಣಿವೆಗೆ ಇಳಿದು, ಹುಲಿ ಎದುರಿಗೆ ಬಂದಾಗ ಬಾಯಿ ತೆರೆದು "ಹಾ" ಎಂದು ಉಸಿರು ಬಿಟ್ಟರು. ಹುಲಿ ಒಮ್ಮೆ ಮೂಸಿತು. ಮೂಗು ನಡುಗಿತು. ಮೊದಲ ಸೀನಿಗೆ ಮರದೆಲೆ ಉದುರಿದವು. ಎರಡನೆಯ ಸೀನಿಗೆ ಬಂಡೆ ಉರುಳಿತು. ಮೂರನೆಯ ಸೀನಿಗೆ ಹುಲಿಯೇ ಹಿಮ್ಮುಖವಾಗಿ ಹಾರಿ ಏಳು ಗುಡ್ಡದಾಚೆ ಬಿತ್ತು. ಟೀಚರ್ ಕೊಡಲಿ ಎಸೆದು ಕುಣಿದಾಡಿಬಿಟ್ಟರು.

ಕುಣಿಯುತ್ತಿದ್ದವರು ತಲೆಯೆತ್ತಿ ನೋಡಿ, ಎಸೆದ ಕೊಡಲಿ ಮತ್ತೆ ಎತ್ತಿಕೊಂಡರು. ಎದುರಿಗೇ ಉಪ್ಪಿನ ಗುಡ್ಡ. ಸೂರ್ಯ ಅದರ ಹೆಗಲಿಗೆ ಇಳಿದಿದ್ದ.

ಗುಡ್ಡದ ಇಳಿಜಾರಿನಲ್ಲಿ ಬೊಂಬೆಗಳೋ ಬೊಂಬೆಗಳು. ಮೂರನೆಯ ಸಾಲಿನಲ್ಲಿ ಲೀಲಾ. ಕತ್ತಿ ಎತ್ತಿದ ಕೈ ಎತ್ತಿದಂತೆಯೇ, ಕೂಗಿದ ಬಾಯಿ ತೆರೆದಂತೆಯೇ, ಅಡಿಯಿಂದ ಮುಡಿಯವರೆಗೆ ಬೆಳ್ಳಗೆ. ನೀಲವ್ವ ತಂಗಿಯ ಕೆನ್ನೆ ಮುಟ್ಟಿದಳು. ಬೆರಳಿಗೆ ಉಪ್ಪು ಅಂಟಿತು.

ಗುಡ್ಡದ ಬುಡದಲ್ಲಿ ನೂರಾರು ವೀರರು ಸೇರಿದ್ದರು. ಎಲ್ಲರಿಗೂ ಮೇಲೆ ಯಾರೋ ಒಬ್ಬರು ಉಪ್ಪಾಗಿ ನಿಂತವರಿದ್ದರು: ಅಣ್ಣ, ಗೆಳತಿ, ಮಗಳು. ಒಬ್ಬೊಬ್ಬರೂ ಬಲದ ಒಗ್ಗರಣೆ ನುಂಗಿ ಮೇಲೆ ಹತ್ತುತ್ತಿದ್ದರು. ತಕ್ಕಡಿ ತೂಗುತ್ತಿತ್ತು. ಬಲ ಮುನ್ನೂರರವನು ಉಪ್ಪಾದ. ನಾನೂರರವಳು ಉಪ್ಪಾದಳು. ಲವಣಕೇತು ಮೇಲೆ ಕೂತು ಹೊಟ್ಟೆ ಹಿಡಿದು ನಗುತ್ತಿದ್ದ.

"ಬನ್ನಿ, ಬನ್ನಿ! ಒಬ್ಬೊಬ್ಬರೇ ಬನ್ನಿ! ನಿಮ್ಮ ರಾಜ್ಯದಲ್ಲಿ ನನಗಿಂತ ತೂಕದವರು ಯಾರಿದ್ದಾರೆ?"

ನೀಲವ್ವ ಚೀಲ ತಡಕಿದಳು. ತಳದಲ್ಲಿ ಏನೂ ಉಳಿದಿರಲಿಲ್ಲ. ಕಾಲ ಕೆಳಗೆ ಮಾತ್ರ ಏನೋ ಚರಚರ ಸದ್ದು. ಬಗ್ಗಿ ನೋಡಿದರೆ ನೆಲದ ತುಂಬ ಕಂದು ಬಣ್ಣದ ಸಣ್ಣ ಕಾಳು. ಜನ ಅದನ್ನು ಬಡಕಾಳು ಎಂದು ಕರೆಯುತ್ತಿದ್ದರು. ಎಲ್ಲ ಕಡೆ ಬಿಟ್ಟಿ ಸಿಗುತ್ತಿತ್ತು, ಚೀಲದಲ್ಲಿ ಜಾಗ ಸಾಲದಾದಾಗ ವೀರರು ಮೊದಲು ಎಸೆಯುತ್ತಿದ್ದುದೇ ಅದನ್ನು. ಅವಳು ಒಂದು ಮುಷ್ಟಿ ಎತ್ತಿಕೊಂಡಳು. ಅಕ್ಷರ ಮೂಡಿತು: ಬಲ ಒಂದು.

ಅವಳು ಕೆಳಗಿನ ಸಾಲೂ ಓದಿದಳು: ಒಂದೇ ಪಂಕ್ತಿಯಲ್ಲಿ ಕೂತು ಉಂಡವರು ತಕ್ಕಡಿಯ ಲೆಕ್ಕದಲ್ಲಿ ಒಬ್ಬರೇ ಇದ್ದಂತೆ. ಒಬ್ಬೊಬ್ಬರ ಬಲವೂ ಜತೆ ಕೂತ ಒಬ್ಬೊಬ್ಬರಿಗೂ ಕೂಡಿ ಬೆಳೆಯುವುದು. ನಡುವೆ ಎದ್ದರೆ ಎಲ್ಲ ಸೊನ್ನೆ.

ಆ ರಾಜ್ಯದಲ್ಲಿ ಯಾರೂ ಕೂತು ಉಂಡವರೇ ಅಲ್ಲ. ಹಾಗಾಗಿ ಆ ಸಾಲನ್ನು ಓದಿದವರಿಗೂ ಅದು ತಲೆಗೆ ಹೋಗಿರಲಿಲ್ಲ. ಖಾನಾವಳಿಯ ನೀಲವ್ವನಿಗೆ ಹೋಯಿತು.

"ಟೀಚರ್! ಈ ಮಂದೀನ್ನೆಲ್ಲಾ ಕುಂದ್ರಸ್ರಿ! ಒಂದ ಸಾಲು! ಕಡೀಬಾರದು!"

"ಇವರನ್ನಾ? ಇವರು ಯುದ್ಧಕ್ಕೆ ಬಂದಿರೋರು, ನೀಲಕ್ಕ!"

"ನಿಮ್ಮ ಶಾಲಿ ಹುಡುಗೂರಗಿಂತ ಕಡಿಮಿ ಏನು?"

ಟೀಚರ್ ಗಿರಿಜಾ ಮೀಸೆ ತಿರುವಿ, ಬಂಡೆಯ ಮೇಲೆ ಹತ್ತಿ, ಎರಡು ಕೈ ತಟ್ಟಿದರು.

"ಎಲ್ಲಾರೂ ಇಲ್ನೋಡಿ! ಕತ್ತಿ ಕೆಳಗೆ! ಕಾಲು ಮಡಚಿ! ಪಕ್ಕದವರನ್ನ ತಳ್ಳಬಾರದು! ಹೇ ಕಾಳಸರ್ಪ, ನಿನಗೇ ಹೇಳಿದ್ದು, ಕೂತ್ಕೋ!"

ಏಳಡಿ ಗಂಡಾಳಿನ ಬಾಯಿಂದ ಆ ದನಿ ಬಂದದ್ದೇ ತಡ, ಸಿಂಹ ಪಳಗಿಸಿದವನು ತನಗೇ ಗೊತ್ತಿಲ್ಲದೆ ಚಕ್ಕಳಮಕ್ಕಳ ಹಾಕಿ ಕೂತ. ಅವನ ಪಕ್ಕಕ್ಕೆ ಸಿಡಿಲಮರಿ ಕೂತ. ಹದ್ದೇರಿ ಬಂದ ಅಜ್ಜಿ ಹದ್ದನ್ನು ಕಟ್ಟಿಹಾಕಿ ಕೂತಳು. ಗುಡ್ಡದ ಬುಡಕ್ಕೆ ಸುತ್ತು ಹಾಕಿ ಸಾಲು ಬೆಳೆಯಿತು, ಬೆಳೆಯಿತು, ಇನ್ನೂ ಬೆಳೆಯಿತು. ಒಬ್ಬೊಬ್ಬರೂ ಚೀಲದಿಂದ ಒಂದು ಹಿಡಿ ಜೋಳದ ನುಚ್ಚು ಕೊಟ್ಟರು. ಯಾರೋ ಕೊಪ್ಪರಿಗೆ ತಂದರು. ಯಾರೋ ಮುತ್ತಲೆಲೆ ಹಾಸಿದರು. ನೀಲವ್ವ ಎಲೆ ಎಣಿಸಿದಳು, ಒಂಬೈನೂರ ಮೂವತ್ತೆರಡು. ಅಷ್ಟಕ್ಕೆ ಸರಿಯಾಗಿ ನುಚ್ಚು ಬೇಯಿಸಿ, ಬಡಕಾಳಿನ ಒಗ್ಗರಣೆ ಹಾಕಿದಳು. ಚೊಯ್ಯೆಂದಿತು. ಘಮ ಗುಡ್ಡದ ತುದಿಗೂ ಹತ್ತಿತು.

ಲವಣಕೇತುವಿನ ನಗೆ ನಿಂತಿತು. ಅವನು ಕೈ ಬೀಸಿದ. ಆಕಾಶದಿಂದ ಸಾಲಿನ ಮುಂದೆ, ಕೈಗೆಟುಕದ ಹಾಗೆ, ಬಂಗಾರದ ಡಬ್ಬಿಗಳು ಬಿದ್ದವು. ಡಬ್ಬಿಯ ಮೇಲೆ ಹೊಳೆಯುವ ಅಕ್ಷರ: ಬಲ ಐದು ಸಾವಿರ. ಸಾಲಿನ ಉದ್ದಕ್ಕೂ ಕೈಗಳು ತುರಿಸಿದವು. ಸಿಡಿಲಮರಿ ಮೊಣಕಾಲೂರಿ ಅರ್ಧ ಎದ್ದೇಬಿಟ್ಟ.

ನೀಲವ್ವ ಸೌಟು ಹಿಡಿದೇ ಬಂದು ಅವನ ಹೆಗಲ ಮೇಲೆ ಕೈಯಿಟ್ಟಳು.

"ಬಡಿಸಿದ ಎಲಿ ಬಿಟ್ಟು ಏಳಬಾರದಪ್ಪಾ. ಮ್ಯಾಲ ನಿಮ್ಮವರು ಯಾರದಾರ?"

"ನಮ್ಮಣ್ಣ" ಎಂದ ಸಿಡಿಲಮರಿ.

"ಉಣ್ಣು. ಅಣ್ಣನ ಸಲುವಾಗಿ ಉಣ್ಣು."

ಅವನು ಕೂತ. ತುತ್ತು ಎತ್ತಿದ. ಒಂಬೈನೂರ ಮೂವತ್ತೆರಡು ಕೈ ಒಟ್ಟಿಗೆ ಬಾಯಿಗೆ ಹೋದವು. ಬಂಗಾರದ ಡಬ್ಬಿಗಳು ಬಿದ್ದಲ್ಲೇ ಉಪ್ಪಾಗಿ ಕರಗಿದವು. ಆಗ ತಕ್ಕಡಿ ಕಿರ್ರೆಂದಿತು! ಮೇಲೆ ತೂಗುತ್ತಿದ್ದ ಖಾಲಿ ತಟ್ಟೆ ಕೆಳಗಿಳಿಯತೊಡಗಿತು. ಒಂದಡಿ ಇಳಿಯಿತು. ಹತ್ತಡಿ ಇಳಿಯಿತು. ಸಾಲಿನಲ್ಲಿ ಕೇಕೆ ಎದ್ದಿತು. "ಇನ್ನೂ! ಇನ್ನೂ!" ಎಂದು ಬಾಯಲ್ಲಿ ತುತ್ತಿಟ್ಟುಕೊಂಡೇ ಎಲ್ಲರೂ ಕೂಗಿದರು. ತಟ್ಟೆ ಇಳಿಯಿತು, ಇಳಿಯಿತು, ಲವಣಕೇತುವಿನ ತಟ್ಟೆಯ ಸರಿಸಮಕ್ಕೆ ಬಂತು. ಅಲ್ಲಿಗೆ ನಿಂತುಬಿಟ್ಟಿತು.

ಸಮ ಬಂದರೆ ಸಾಲದು, ಮಿಗಬೇಕು. ಸೂರ್ಯ ಗುಡ್ಡದ ಅಂಚಿಗೆ ತಾಗಿದ. ಬೊಂಬೆಗಳ ಬುಡದಲ್ಲಿ ತಣ್ಣನೆಯ ಗಾಳಿ ಸುಳಿಯಿತು. ಲೀಲಾಳ ಕಿರುಬೆರಳ ತುದಿಯಿಂದ ಒಂದಿಷ್ಟು ಉಪ್ಪಿನ ಪುಡಿ ಹಾರಿತು.

"ಇನ್ನೊಬ್ಬರು!" ಎಂದು ಗಹಗಹಿಸಿದ ಲವಣಕೇತು. "ಇನ್ನೊಬ್ಬರು ಇದ್ದರೆ ನಾನು ಸೋತಂತೆ! ಎಲ್ಲಿದ್ದಾರೆ, ತೋರಿಸಿ!"

ಎಲ್ಲರೂ ಕತ್ತು ಹೊರಳಿಸಿ ಹುಡುಕಿದರು. ಬಯಲಿನಲ್ಲಿ ಇನ್ನೊಂದು ನರಪಿಳ್ಳೆ ಇರಲಿಲ್ಲ. ನೀಲವ್ವನೂ ಸೌಟು ಹಿಡಿದು, ಕಣ್ಣಿಗೆ ಕೈ ಅಡ್ಡ ಹಿಡಿದು, ದೂರ ದೂರ ನೋಡುತ್ತಿದ್ದಳು. ಟೀಚರ್ ಮಾತ್ರ ಅವಳನ್ನೇ ನೋಡಿದರು.

"ನೀಲಕ್ಕ" ಎಂದರು. "ನಿಮ್ಮ ಊಟ ಆಯ್ತಾ?"

"ನಂದೇನ್ರಿ, ಎಲ್ಲಾರದೂ ಆದಮ್ಯಾಲ..." ಎನ್ನುತ್ತಿದ್ದವಳು ಅರ್ಧದಲ್ಲೇ ಬಾಯಿ ಮುಚ್ಚಿದಳು.

ಇಪ್ಪತ್ತೆರಡು ವರ್ಷ ಅವಳು ಎಲೆ ಎಣಿಸಿದ್ದಳು. ಒಂದು ದಿನವೂ ತನ್ನನ್ನು ಎಣಿಸಿರಲಿಲ್ಲ. ಬಡಿಸುವವರ ಊಟ ಯಾವತ್ತೂ ಆಮೇಲೆ, ಉಳಿದರೆ ಉಂಟು, ಇಲ್ಲದಿದ್ದರೆ ನೀರು. ಓಡಿಹೋಗಿ ಕೊಪ್ಪರಿಗೆ ನೋಡಿದಳು. ಒಂದು ಅಗುಳೂ ಇರಲಿಲ್ಲ. ಅಳತೆ ತಪ್ಪಿ ಗೊತ್ತಿಲ್ಲದ ಕೈ, ಅಂದೂ ಸರಿಯಾಗಿಯೇ ಹಾಕಿತ್ತು. "ಕೆಟ್ಟೆನಲ್ಲೋ ಶಿವನೇ" ಎಂದು ತಲೆ ಚಚ್ಚಿಕೊಂಡಳು.

"ಏಳಬೇಡಿ, ಯಾರೂ ಏಳಬೇಡಿ!" ಎಂದು ಟೀಚರ್ ಕೂಗಿ, ತಮ್ಮ ಎಲೆಯ ಕೊನೆಯ ತುತ್ತನ್ನು ಪಕ್ಕಕ್ಕೆ ಸರಿಸಿ, ಎಡಕ್ಕೆ ಜರುಗಿ, ನೆಲ ತಟ್ಟಿದರು. "ಬನ್ನಿ. ಇಲ್ಲಿ ಕೂತ್ಕೊಳ್ಳಿ. ಎಂಜಲು ಕಣ್ರೀ, ಆದ್ರೆ ಇರೋದು ಇದೊಂದೇ."

"ನನ್ನದೂ ಐತ್ರೀ ಅಮ್ಮಾ" ಎಂದು ಸಿಡಿಲಮರಿ ಒಂದು ಚೂರು ಕೊಟ್ಟ. ಅತ್ತ ಕಡೆಯ ಅಜ್ಜಿ ಒಂದು ಚೂರು ಕೊಟ್ಟಳು. ಕೈಯಿಂದ ಕೈಗೆ, ಕೈಯಿಂದ ಕೈಗೆ ಚೂರುಗಳು ಬಂದವು.

ನೀಲವ್ವ ಸೌಟು ಕೆಳಗಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಾಲಿನಲ್ಲಿ ಕೂತಳು. ಕಂಡು ಕೇಳರಿಯದ ಹತ್ತು ಜನರ ಎಂಜಲನ್ನು ಒಂದೇ ತುತ್ತು ಮಾಡಿ ಬಾಯಿಗಿಟ್ಟಳು. ಉಪ್ಪು, ಹುಳಿ, ಖಾರ ಎಲ್ಲ ಹದವಾಗಿತ್ತು. ತನ್ನ ಅಡಿಗೆ ಬಿಸಿಯಾಗಿದ್ದಾಗ ಇಷ್ಟು ರುಚಿ ಎಂದು ಅವಳಿಗೆ ಅಂದೇ ಗೊತ್ತಾಯಿತು. ಕಣ್ಣಲ್ಲಿ ನೀರು ತುಂಬಿಕೊಂಡು ನುಂಗಿದಳು.

ಢಮಾರ್! ತಟ್ಟೆ ನೆಲಕ್ಕೆ ಬಡಿಯಿತು! ಲವಣಕೇತುವಿನ ತಟ್ಟೆ ಕವಣೆಕಲ್ಲಿನಂತೆ ಮೇಲೆ ಹಾರಿತು. ಹಗುರಾದವರು ಉಪ್ಪಾಗಬೇಕು ಎಂದು ಕಟ್ಟಳೆ ಮಾಡಿದವನೇ ಅವನು. ಆಕಾಶದಲ್ಲೇ ಅವನ ಕಾಲು ಬೆಳ್ಳಗಾಯಿತು, ಹೊಟ್ಟೆ ಬೆಳ್ಳಗಾಯಿತು, ಬೈಯಲು ತೆರೆದ ಬಾಯಿ ಬೆಳ್ಳಗಾಯಿತು. ಸೂರ್ಯ ಮುಳುಗಿದ. ಸಂಜೆಯ ಗಾಳಿ ಎದ್ದು ಅವನೊಬ್ಬನನ್ನೇ ಪುಡಿ ಮಾಡಿ ಏಳು ಸಮುದ್ರದಾಚೆ ತೂರಿಬಿಟ್ಟಿತು.

ಗುಡ್ಡ ಕರಗಿತು. ಬೊಂಬೆಗಳೆಲ್ಲ ಸೀನಿ, ಕೆಮ್ಮಿ, ಮೈ ಕೊಡವಿಕೊಂಡು ಎದ್ದವು. ಲೀಲಾ ಎಲ್ಲಿಗೆ ನಿಲ್ಲಿಸಿದ್ದಳೋ ಅಲ್ಲಿಂದಲೇ ಕೂಗು ಮುಂದುವರಿಸಿ, ಕತ್ತಿ ಬೀಸಿ, ಎದುರಿಗೆ ಯಾರೂ ಇಲ್ಲದ್ದು ಕಂಡು ಪೆಚ್ಚಾದಳು. ತಿರುಗಿ ನೋಡಿದರೆ ಒಂಬೈನೂರು ಚಿಲ್ಲರೆ ಜನ ಸಾಲಾಗಿ ಊಟಕ್ಕೆ ಕೂತಿದ್ದಾರೆ, ನಡುವೆ ತನ್ನಕ್ಕ.

"ಯಾರ ಮದುವಿ ಅಕ್ಕಾ ಇದು?" ಎಂದಳು. "ನನಗ ಒಂದ ಮಾತ ಹೇಳಬಾರದ?"

ನೀಲವ್ವ ಅತ್ತಳು, ನಕ್ಕಳು, ಎದ್ದು ಹೋಗಿ ತಂಗಿಯ ಬೆನ್ನಿಗೆ ಒಂದು ಗುದ್ದಿ, ಆಮೇಲೆ ಬಾಚಿ ತಬ್ಬಿಕೊಂಡಳು. ಸಾಂಗಲಿಯಲ್ಲಿ ರಾಚಪ್ಪ ಹಿಗ್ಗಿ ಹೀರೇಕಾಯಾದ. ಅಣ್ಣ ಸಿಕ್ಕವರು, ಗೆಳತಿ ಸಿಕ್ಕವರು, ಮಗಳು ಸಿಕ್ಕವರು ಬಯಲಿನ ತುಂಬ ಕುಣಿದರು.

ಅಂದಿನಿಂದ ಏಳುಸುತ್ತಿನ ಸೀಮೆಯಲ್ಲಿ ಯಾರೂ ಕುದುರೆಯ ಮೇಲೆ ಉಣ್ಣಲಿಲ್ಲ. ಪ್ರತಿದಿನ ಮೂರು ಗಂಟೆಗೆ ಬಯಲಿನಲ್ಲಿ ಪಂಕ್ತಿ ಬೀಳುತ್ತಿತ್ತು. ಗೋಕಾಕದ ಖಾನಾವಳಿಯಲ್ಲೂ ಮಧ್ಯಾಹ್ನ ಒಂದು ಎಲೆ ಹೆಚ್ಚು ಬೀಳತೊಡಗಿತು. ಬಯಲಿನಲ್ಲಿ ಎಲೆ ಎಣಿಸುವ ಕೆಲಸ ಟೀಚರದ್ದು. ಗಿರಿಜಾ ಮೀಸೆ ತಿರುವಿ, ಎರಡು ಕೈ ತಟ್ಟಿ, ಅವರು ದಿನಾ ಹೀಗೆ ಶುರು ಮಾಡುತ್ತಿದ್ದರು: "ಒಂದು, ನೀಲಕ್ಕ. ಎರಡು..."

ಅವರೆಲ್ಲ ಅಲ್ಲಿ ಹೊಟ್ಟೆ ತುಂಬ ಉಂಡು ಸುಖವಾಗಿದ್ದಾರೆ. ನಾವು ಇಲ್ಲಿ ಕತೆ ಕೇಳುತ್ತ ಹಸಿದು ಕೂತಿದ್ದೇವೆ. ಏಳಿ, ಎಲೆ ಹಾಕಿ, ಬಡಿಸುವವರನ್ನೂ ಕೂರಿಸಿಕೊಳ್ಳಿ.